ಎರವಲು ಮೂಗು

ಹಾಲನ್ನು ಒಲೆಯ ಮೇಲಿಟ್ಟು ಸುಹಾಸಿನಿ ಉರಿ ಸಣ್ಣ ಮಾಡುವಷ್ಟರಲ್ಲಿ ನಡುಮನೆಯಲ್ಲಿ ಫೋನು ಬಂತು. ನಳಕ್ಕೆ ನೀರು ಬರುವ ಹೊತ್ತು. ಬಚ್ಚಲಲ್ಲಿ ನೀಲಿ ಡ್ರಮ್ಮು ಭೋರೆಂದು ತುಂಬುತ್ತಿತ್ತು.

"ರೀ, ಹಾಲಿನ ಕಡೆ ಸ್ವಲ್ಪ ಲಕ್ಷ್ಯ ಇರಲಿ," ಎಂದು ಗಂಡನಿಗೆ ಹೇಳಿ ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೋದಳು. ಒಲೆಯ ಮಗ್ಗುಲಿಗೇ ಇದ್ದ ಸಣ್ಣ ಮೇಜಿನ ಮುಂದೆ ಪೇಪರು ಹಿಡಿದು ಕೂತಿದ್ದ ದತ್ತಾತ್ರೇಯ, ಪೇಪರಿನ ಹಿಂದಿನಿಂದಲೇ "ಹೂಂ" ಅಂದ.

ಫೋನು ಮಾಡಿದಾಕೆ ಕಮಲಾಕ್ಷಿ. ದತ್ತಾತ್ರೇಯ ಪ್ರತಿ ರವಿವಾರ ಊಟ ತಿಂಡಿಯ ಬಗ್ಗೆ ಬರೆಯುವ ಇಂಗ್ಲಿಷ್ ಪತ್ರಿಕೆಯ ಪುರವಣಿ ನೋಡಿಕೊಳ್ಳುವ ಹೆಣ್ಣುಮಗಳು. ಕಲಬುರ್ಗಿ ಕಡೆಯವಳಾದ್ದರಿಂದ ಈ ಮನೆಗೆ ಫೋನು ಮಾಡಿದಾಗ ಇಂಗ್ಲಿಷು ಬಿಟ್ಟು ಬಾಯಿ ತುಂಬ ಮಾತಾಡುತ್ತಿದ್ದಳು.

"ಅಕ್ಕಾ, ನಿನ್ನಿ ಹೊಟೆಲಿನವರು ಮುಂಜಾನಿ ಮುಂಜಾನಿ ಫೋನ್ ಮಾಡಿದ್ರು. ಭಾಳ ಖುಷ್ ಆಗ್ಯಾರ. ತಿಂಗಳಿಗೊಮ್ಮೆ ಹಿಂತಾ ವೈನ್ ಸಂಜಿ ಇಡತಾರಂತ. ಪ್ರತಿ ಸಲ ಇವರೇ ಬಂದು ಮಾತಾಡಬೇಕಂತ. ಏನ್ರಿ ಅಕ್ಕಾ, ನಿಮ್ಮ ಯಜಮಾನ್ರ ಮೂಗಿಗೆ ದಿನಾ ತುಪ್ಪಾ ಹಚ್ಚಿ ತಿಕ್ಕತೀರೇನು?"

"ಅವರ ಮೂಗು ಅವರದು. ನಂದೇನದ ಅದರಾಗ," ಎಂದಳು ಸುಹಾಸಿನಿ.

"ಸುಳ್ಳಲ್ರಿ. ಒಬ್ಬರು ಅಂದ್ರಂತ, ಈ ಮೂಗಿಗೆ ಇನ್ಶೂರೆನ್ಸ್ ಮಾಡಿಸ್ರಿ ಅಂತ."

ಕಮಲಾಕ್ಷಿ ನಗುತ್ತಿದ್ದಾಗ ಅಡಿಗೆಮನೆಯಿಂದ ಮಗಳ ಕೂಗು ಬಂತು. "ಅಮ್ಮಾ! ಗ್ಯಾಸ್! ಅಮ್ಮಾ!"

ಸುಹಾಸಿನಿ ಫೋನು ಕೆಳಗಿಟ್ಟು ಹೋಗಿ ನೋಡಿದರೆ ಹಾಲು ಉಕ್ಕಿ, ಉರಿಯನ್ನು ಆರಿಸಿ, ಕಟ್ಟೆಯ ಮೇಲಿಂದ ಇಳಿದು ನೆಲಕ್ಕೆ ಬಂದಿತ್ತು. ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಒಂದು ಜಡೆ ಹಾಕಿಸಿಕೊಂಡು ಇನ್ನೊಂದಕ್ಕೆ ರಿಬ್ಬನ್ನು ಹುಡುಕುತ್ತಿದ್ದ ಗೋದಾವರಿ ಫ್ರಾಕಿನ ಚುಂಗಿನಿಂದ ಮೂಗು ಮುಚ್ಚಿಕೊಂಡು ಒಲೆಯ ಕಿವಿ ತಿರುವಿ ನಿಂತಿದ್ದಳು. ದತ್ತಾತ್ರೇಯ ಪೇಪರು ಕೆಳಗಿಳಿಸಿ ಇಬ್ಬರ ಮುಖ ನೋಡಿದ.

"ಯಾಕ? ಏನಾತು?"

ಎದೆ ಧಸಕ್ಕೆನ್ನಬೇಕಿತ್ತು. ಕೂಗಬೇಕಿತ್ತು, ಮಗಳನ್ನು ಎಳೆದು ಅಪ್ಪಿಕೊಳ್ಳಬೇಕಿತ್ತು. ಸುಹಾಸಿನಿ ಕಿಟಕಿ ತೆಗೆದಳು, ಹಿತ್ತಲ ಬಾಗಿಲು ತೆಗೆದಳು. "ಲೈಟಿನ ಗುಂಡಿ ಮುಟ್ಟಬ್ಯಾಡ," ಎಂದು ಮಗಳಿಗೆ ಹೇಳಿದ್ದು, ಚಪ್ಪಲಿ ಹೊರಗೆ ಬಿಡು ಅನ್ನುವ ದನಿಯಲ್ಲೇ. ಆಮೇಲೆ ಅರಿವೆ ತಂದು ಹಾಲು ಒರೆಸಲು ಕೂತಳು.

"ಅಪ್ಪಾ, ನೀವು ಇಲ್ಲೇ ಕೂತಿದ್ರಲ್ಲಾ?" ಎಂದಳು ಗೋದಾವರಿ.

"ಶೀತ ಆಗ್ಯದ ಕೂಸ. ಮೂಗು ಕಟ್ಟಿಬಿಟ್ಟದ." ದತ್ತಾತ್ರೇಯ ಕೆಮ್ಮಿದ. ಶೀತ ಆದವರು ಹಾಗೆ ಕೆಮ್ಮುವುದಿಲ್ಲ.

ಹುಡುಗಿ ಅವನ ಮೂಗನ್ನು ನೋಡುತ್ತಲೇ ನಿಂತಳು.

ಹೊರಗೆ ಸೂರಿನ ಕೆಳಗೆ ಒಣಗಿದ್ದ ಮಡಿ ಸೀರೆಯನ್ನು ಕೋಲಿನಿಂದ ಇಳಿಸುತ್ತಿದ್ದ ಅತ್ತೆ ಗಂಗೂಬಾಯಿ ಕೂಗಿ ಕೇಳಿದರು. "ಏನ ಅದು ಗದ್ದಲಾ?"

"ಹಾಲು ಉಕ್ಕಿತ್ರಿ ಅತ್ಯಾ."

"ಶ್ರಾವಣ ಶನಿವಾರ ಹಾಲು ಉಕ್ಕಿದ್ರ ಛಲೋನ ಆತು ಬಿಡು." ಅವರಿಗೂ ಗ್ಯಾಸಿನ ವಾಸನೆ ಹತ್ತಿರಲಿಲ್ಲ. ಅದು ನಶ್ಯ ಏರಿಸಿ ಏರಿಸಿ ಮೊಂಡಾದ ಮೂಗು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ.

ದತ್ತಾತ್ರೇಯನ ಮೂಗಿನ ಸಂಗತಿ ಮಾತ್ರ ಗಂಡ ಹೆಂಡತಿ ಇಬ್ಬರಿಗೇ ಗೊತ್ತಿತ್ತು.

ಕಳೆದ ದೀಪಾವಳಿಯ ಮುಂದೆ ಗಂಗೂಬಾಯಿ ಹಟ ಹಿಡಿದಿದ್ದರು. ಸ್ಟೀಲಿನ ಪಾತ್ರೆಯಲ್ಲಿ ಪಾಯಸ ತಳ ಹತ್ತುತ್ತದೆ, ತಮ್ಮ ತವರಿನಲ್ಲಿದ್ದಂಥ ಹಿತ್ತಾಳೆ ತಪ್ಪೇಲಿಯೇ ಆಗಬೇಕು, ಅದೂ ಬೇಗಂ ಬಜಾರಿನಿಂದಲೇ ಬರಬೇಕು. ದತ್ತಾತ್ರೇಯನಿಗೆ ಅಂಥ ಕೆಲಸವೆಂದರೆ ಜೀವ. ಪಾತ್ರೆ ಕೊಳ್ಳುವಾಗ ಹೊಳಪು ನೋಡಬಾರದು, ಬೆರಳಿನಿಂದ ಬಡಿದು ಕಿವಿ ಹಚ್ಚಬೇಕು ಎಂದು ಬರೆದವನೇ ಅವನು. ನಾನ್‌ಸ್ಟಿಕ್ ತವೆ ಹೊಸ ಅಳಿಯನಿದ್ದಂತೆ, ಒಂದು ವರ್ಷ ಜೋಪಾನ ಮಾಡಬೇಕು, ಆಮೇಲೆ ಬಣ್ಣ ಬಿಡುತ್ತದೆ ಎಂದೂ ಬರೆದಿದ್ದ. ಆ ದಿನ ಅರ್ಧ ಬಜಾರು ಬಡಿದು ನೋಡಿ, ಒಂದು ತಪ್ಪೇಲಿ ಆರಿಸಿ, ಕಲಾಯಿ ಹಾಕಿಸಿ, ಕಾಲಿನ ನಡುವೆ ಇಟ್ಟುಕೊಂಡು ಸ್ಕೂಟರ್ ಮೇಲೆ ಬರುವಾಗ ಮೊಅಜ್ಜಂ ಜಾಹಿ ಮಾರ್ಕೆಟ್ಟಿನ ತಿರುವಿನಲ್ಲಿ ಉಸುಕಿನ ಮೇಲೆ ಜಾರಿದ. ತಪ್ಪೇಲಿ ಸ್ವಲ್ಪ ನೆಗ್ಗಿತು. ಅವನ ತಲೆಯ ಹಿಂಬದಿ ರಸ್ತೆಯ ಅಂಚಿಗೆ ಬಡಿಯಿತು.

ಹೊಲಿಗೆ ಬಿಚ್ಚಿದ ಮೇಲೆ, ಮನೆಗೆ ಬಂದ ಮೇಲೆ, ಒಂದು ಮುಂಜಾನೆ ಕಾಫಿ ಕುಡಿಯುತ್ತ ಅವನು ಹೆಂಡತಿಗೆ ಮೆಲ್ಲಗೆ ಹೇಳಿದ್ದ. "ಸುಹಾಸ, ಇದರಾಗ ಕಾಫಿ ಇಲ್ಲ."

ವಾಸನೆಯ ನರ ಹರಿದಿದೆ, ಮರಳಿ ಬರುವ ಭರವಸೆ ಕಡಿಮೆ ಎಂದರು ಡಾಕ್ಟರು. ಉಪ್ಪು, ಹುಳಿ, ಸಿಹಿ, ಖಾರ ನಾಲಿಗೆಗೆ ತಿಳಿಯುತ್ತದೆ, ಉಳಿದದ್ದು ಇಲ್ಲ. ಸಾರು ಬಿಸಿ ನೀರು, ಬಿರಿಯಾನಿ ಖಾರದ ಅನ್ನ, ಮಾವಿನಹಣ್ಣು ಒದ್ದೆ ಒದ್ದೆ ಸಿಹಿ. ಅಂದೇ ಅವನು ಹೆಂಡತಿಯ ಕೈ ಹಿಡಿದು ಮಾತು ತೆಗೆದುಕೊಂಡಿದ್ದ.

"ಅವ್ವಗ ಗೊತ್ತಾಗಬಾರದು. ಆಕಿ ತಪ್ಪೇಲಿ ತರಲಿಕ್ಕೆ ಹೋಗಿ ಹಿಂಗಾತು ಅಂತ ತಿಳಿದ್ರ ಅನ್ನಾ ಬಿಟ್ಟಾಳು. ಕೂಸಿಗೂ ಬ್ಯಾಡ. ಕೂಸಿನ ಬಾಯಾಗ ಮಾತು ನಿಲ್ಲೂದಿಲ್ಲ."

"ಮತ್ತ ಪೇಪರಿನವರಿಗೆ?"

ಅವನು ಹಿಡಿದಿದ್ದ ಕೈ ಬಿಟ್ಟ. ನೀರಾವರಿ ಕಚೇರಿಯಲ್ಲಿ ಅವನು ನೂರರಲ್ಲಿ ಒಬ್ಬ. ರವಿವಾರದ ಆ ಅರ್ಧ ಪುಟದಲ್ಲಿ ಮಾತ್ರ ದತ್ತಾತ್ರೇಯ.

ಸುಹಾಸಿನಿಯ ಮೂಗು ಚೂಪು. ಅದು ಮಡಿಯ ಮನೆಯಲ್ಲಿ ಬೆಳೆದ ಮೂಗು. ದೇವರಿಗೆ ನೈವೇದ್ಯ ಆಗುವ ತನಕ ಅಡಿಗೆ ಮಾಡಿದವರು ಒಂದು ಹನಿ ಬಾಯಿಗೆ ಹಾಕುವಂತಿಲ್ಲ. ಹುಳಿ ಕುದಿಯಿತೋ, ಒಗ್ಗರಣೆ ಸೀಯಿತೋ, ಎಲ್ಲವನ್ನೂ ಮೂಗೇ ಹೇಳಬೇಕು. ಆ ಮೂಗನ್ನು ಆಕೆ ಗಂಡನಿಗೆ ಎರವಲು ಕೊಟ್ಟಳು. ಹೊಟೆಲುಗಳಿಗೆ ಜೊತೆಗೆ ಹೋಗುವುದು, ತನ್ನ ತಾಟಿನಿಂದ ಮೊದಲು ಒಂದು ತುತ್ತು ಉಣ್ಣುವುದು, ಬಾಯಿ ಒರೆಸುವ ನೆವದಲ್ಲಿ ಕನ್ನಡದಲ್ಲಿ ಅವನ ಕಿವಿಗೆ ಹಾಕುವುದು. "ಪನೀರು ನಿನ್ನಿಂದು. ಗ್ರೇವಿ ಛಲೋ ಅದ, ಆದ್ರ ಕಸೂರಿ ಮೇಥಿ ಜಾಸ್ತಿ ಆಗ್ಯದ." ಅವನು ಮನೆಗೆ ಬಂದು ಬರೆಯುತ್ತಿದ್ದ. ಮೆನು ಪುಸ್ತಕ ಎಷ್ಟು ದಪ್ಪವೋ ಸಾರು ಅಷ್ಟು ತೆಳು. ದೀಪ ಸಣ್ಣ ಮಾಡಿದ ಹೊಟೆಲಿನಲ್ಲಿ ಬೆಂಡೆಕಾಯಿ ಪಲ್ಯ ತರಿಸಬೇಡಿ. ಹುಳಿ ಸೊಪ್ಪಿನ ಗೋಂಗೂರ ಚಟ್ನಿಯ ಎದುರಿಗೆ ಯಾವ ವೈನೂ ನಿಲ್ಲುವುದಿಲ್ಲ, ಬಿಲ್ಲು ಮಾತ್ರ ನಿಲ್ಲುತ್ತದೆ. ಓದುವವರು ನಕ್ಕರು, ಪತ್ರ ಬರೆದರು. ಅವನ ಬರಹ ಈಗ ಮೊದಲಿಗಿಂತ ಹದವಾಗಿದೆ ಎಂದರು.

ನಿನ್ನೆ ಸಂಜೆ ಬೇಗಂಪೇಟೆಯ ಹೊಟೆಲಿನಲ್ಲಿ ವೈನ್ ರುಚಿ ನೋಡುವ ಕಾರ್ಯಕ್ರಮ. ಹೋದ ವರ್ಷದ ತನಕ ಆ ಹೊಟೆಲಿನ ತಲೆಯ ಮೇಲಿಂದಲೇ ವಿಮಾನಗಳು ಇಳಿಯುತ್ತಿದ್ದವು. ವಿಮಾನ ನಿಲ್ದಾಣ ಶಂಶಾಬಾದಿಗೆ ಹೋದ ಮೇಲೆ ಅಲ್ಲಿ ಎಂಥದೋ ಖಾಲಿ ಸದ್ದು. ಶ್ರಾವಣ ಶುಕ್ರವಾರ ಕುಂಕುಮ ಇಟ್ಟುಕೊಂಡು, ಹೂವು ಮುಡಿದುಕೊಂಡು ಸುಹಾಸಿನಿ ಕೆಂಪು ಗ್ಲಾಸನ್ನು ಮೂಗಿನ ಹತ್ತಿರ ಹಿಡಿದಳು. ತುಟಿಗೆ ಮುಟ್ಟಿಸಲಿಲ್ಲ. "ನೇರಳೆ ಹಣ್ಣು," ಎಂದಳು ಗಂಡನ ಕಿವಿಯಲ್ಲಿ. "ಭಾಳ ದಿವಸ ಮುಚ್ಚಿದ್ದ ಸಾಗವಾನಿ ಕಪಾಟು ತೆಗೆದಂಗ. ಹಿಂದಿನಿಂದ ಹಸೀ ಮೆಣಸು." ಇನ್ನೊಂದು ಗ್ಲಾಸಿಗೆ, "ಇದು ಬ್ಯಾಡ. ನೆನೆದ ಗೋಣಿಚೀಲ. ಬಾಟಲಿ ಕೆಟ್ಟದ." ದತ್ತಾತ್ರೇಯ ಎದ್ದು ನಿಂತು ಅದನ್ನೇ ಇಂಗ್ಲಿಷಿನಲ್ಲಿ, ಗ್ಲಾಸು ತಿರುಗಿಸುತ್ತ, ಕಣ್ಣು ಮುಚ್ಚಿ ಹೇಳಿದ. ಎರಡನೆಯ ಬಾಟಲಿ ಬದಲಾಯಿತು. ಚಪ್ಪಾಳೆ ಬಿತ್ತು. ಸುಹಾಸಿನಿಯೂ ಚಪ್ಪಾಳೆ ಹೊಡೆದಳು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಳು.

ಆಕೆಗೆ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಅದೇ ಆಕೆಗೆ ಒಮ್ಮೊಮ್ಮೆ ವಿಚಿತ್ರ ಅನ್ನಿಸುತ್ತಿತ್ತು. ಈಗೀಗ ಯಾವ ತುತ್ತು ಬಾಯಿಗಿಟ್ಟರೂ ಅದರ ಹೆಸರು ಬರುತ್ತಿತ್ತು, ಇಂಗು, ಧನಿಯಾ, ಸುಟ್ಟ ಬೆಳ್ಳುಳ್ಳಿ. ಸೇರಿತೋ ಇಲ್ಲವೋ ಎಂಬುದು ಬರುತ್ತಿರಲಿಲ್ಲ.

ಹಾಲು ಒರೆಸಿ ಮುಗಿಸಿ ಮಗಳ ಎರಡನೆಯ ಜಡೆ ಹಾಕಲು ಕೂತಳು.

"ಅಮ್ಮಾ, ಅಪ್ಪಗ…"

"ತಲಿ ಅಲುಗಾಡಿಸಬ್ಯಾಡ."

"ಅಲ್ಲಮ್ಮಾ, ಅಪ್ಪಗ ಖರೇನೇ ಶೀತ…"

"ರಿಬ್ಬನ್ ಎಲ್ಲಿ ಒಗದಿ?"

ಗೋದಾವರಿ ರಿಬ್ಬನ್ನು ಕೊಟ್ಟಳು. ಉಳಿದ ಮಾತನ್ನು ನುಂಗಿಕೊಂಡಳು. ನುಂಗಿದ್ದು ಹಿಂದಿನಿಂದಲೂ ಕಾಣಿಸಿತು. ಸುಹಾಸಿನಿ ಆ ಸಣ್ಣ ಕುತ್ತಿಗೆಯ ಮೇಲೆ ಒಂದು ಗಳಿಗೆ ಕೈ ಇಟ್ಟಳು. ಅಂಗೈ ಬೆಚ್ಚಗಾಯಿತು, ಅಷ್ಟೇ.

ನೈವೇದ್ಯಕ್ಕೆ ಬಾಳೆಎಲೆ, ಕರಿಬೇವು ಬೇಕಿತ್ತು. ಅತ್ತೆಯನ್ನು ಮನೆಯಲ್ಲಿ ಬಿಟ್ಟು ಮೂವರೂ ಕೂಕಟ್‌ಪಲ್ಲಿಯ ರೈತು ಬಜಾರಿಗೆ ಹೋದರು. ಬೆಳಗಿನ ಜಾವ ಮಳೆ ಹನಿದಿತ್ತು. ದತ್ತಾತ್ರೇಯ ಇಂಥಲ್ಲಿ ಇನ್ನೂ ರಾಜನೇ. ಹೀರೇಕಾಯಿಯ ತುದಿ ಮುರಿದು ಸದ್ದು ಕೇಳುತ್ತಿದ್ದ, ಬದನೆಕಾಯಿಯನ್ನು ಅಂಗೈಯಲ್ಲಿ ತೂಗುತ್ತಿದ್ದ. "ಹಗರ ಇರಬೇಕು ಕೂಸ. ಭಾರ ಇದ್ದದ್ದು ಬರೇ ಬೀಜ." ತರಕಾರಿಯ ಹೆಂಗಸು ತೆಲುಗಿನಲ್ಲಿ, ಈ ಸಾಹೇಬರು ಬಂದರೆ ನನ್ನ ಗಾಡಿಯ ಅರ್ಧ ಬದನೆ ವ್ಯಾಯಾಮ ಮಾಡುತ್ತವೆ ಎಂದು ನಕ್ಕಳು.

ಕೊತ್ತಂಬರಿಯ ಹತ್ತಿರ ಬಂದಾಗ ಅವನು ಒಂದು ಕಟ್ಟು ಎತ್ತಿ, ತನ್ನ ಮೂಗಿಗೆ ಒಯ್ದು, ಅರ್ಧಕ್ಕೇ ನಿಲ್ಲಿಸಿ ಮಗಳ ಮೂಗಿಗೆ ಹಿಡಿದ. "ನೋಡು, ಹ್ಯಾಂಗದ?"

"ಛಲೋ ಅದ್ರಿ."

"ಬರೇ ಛಲೋ ಅಂದ್ರ ಹ್ಯಾಂಗ? ನಾಟಿದೋ, ಹೈಬ್ರಿಡ್ಡೋ?"

"ನೀವೇ ನೋಡ್ರಿ ಅಪ್ಪಾ," ಎಂದಳು ಗೋದಾವರಿ. ಗಟ್ಟಿಯಾಗಿಯೇನೂ ಅಲ್ಲ.

"ನಾಟೀದು," ಎಂದು ಸುಹಾಸಿನಿ ನಡುವೆ ಬಂದು ಕಟ್ಟನ್ನು ಚೀಲಕ್ಕೆ ಹಾಕಿದಳು. ಮಗಳು ಅಪ್ಪನನ್ನು ಬಿಟ್ಟು ಈ ಸಲ ಅಮ್ಮನನ್ನು ನೋಡಿದಳು.

ತಿರುಗಿ ಬರುವಾಗ ಗೋದಾವರಿ ಮುಂದೆ ಮುಂದೆ ನಡೆಯುತ್ತಿದ್ದಳು. ದತ್ತಾತ್ರೇಯ ದನಿ ಇಳಿಸಿ ಕೇಳಿದ. "ಮಳಿ ಬಿದ್ದದಲ್ಲಾ, ಈಗ ಹ್ಯಾಂಗ ವಾಸನಿ ಬರಲಿಕ್ಕತ್ತದ?"

"ಮಣ್ಣಿಂದು."

"ಬರೇ ಮಣ್ಣಿಂದಾ?"

ಇದು ಪೇಪರಿಗೆ ಅಲ್ಲ, ಅವನಿಗಾಗಿ ಎಂದು ಸುಹಾಸಿನಿಗೆ ಗೊತ್ತಾಯಿತು. ಗೊತ್ತಾಗಿ ಒಂದು ಸಲ ಉಸಿರೆಳೆದು ನೋಡಿದಳು. ಮಣ್ಣು, ಡೀಸೆಲ್ಲು, ಕೊಳೆತ ಎಲೆಕೋಸು, ಯಾರೋ ಕರಿಯುತ್ತಿದ್ದ ಮಿರ್ಚಿ. ಹೇಳಬಹುದಿತ್ತು. ನಿನ್ನೆ ಪರರ ಗ್ಲಾಸಿಗೆ ಅಷ್ಟು ಮಾತು ಸಿಕ್ಕಿದ್ದ ಬಾಯಿಗೆ ಗಂಡನಿಗಾಗಿ ಒಂದೂ ಸಿಗಲಿಲ್ಲ.

"ಹೂಂ. ಬರೇ ಮಣ್ಣಿಂದು," ಎಂದಳು.

ಅವನು ತಲೆಯಾಡಿಸಿ ಚೀಲವನ್ನು ಕೈ ಬದಲಿಸಿದ.

ಗಂಗೂಬಾಯಿ ಅಷ್ಟರಲ್ಲಿ ಒದ್ದೆ ಕೂದಲಿಗೆ ಗಂಟು ಹಾಕಿ, ಮಡಿ ಉಟ್ಟು, ಅಡಿಗೆಗೆ ನಿಂತಿದ್ದರು. ಅವರು ಮಡಿಯಲ್ಲಿದ್ದಾಗ ಸುಹಾಸಿನಿಗೆ ಹೊಸ್ತಿಲೇ ಗಡಿ. ಬೇಕಾದದ್ದನ್ನು ಮೊದಲೇ ಕುಟ್ಟಿ, ಹೆಚ್ಚಿ, ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹೊರಗೆ ಬರಬೇಕು. ನಿನ್ನೆಯೇ ಏಲಕ್ಕಿ ಕುಟ್ಟಿ ಒಂದು ಡಬ್ಬಿಗೆ ಹಾಕಿದ್ದಳು, ಮಜ್ಜಿಗೆಗೆಂದು ಜೀರಿಗೆ ಹುರಿದು ಕುಟ್ಟಿ ಇನ್ನೊಂದಕ್ಕೆ. ಎರಡೂ ಒಂದೇ ಅಳತೆಯ ಸ್ಟೀಲ್ ಡಬ್ಬಿ. ಅಡಿಗೆಮನೆಯಲ್ಲಿ ಡಬ್ಬಿಗಳು ಒಂದೇ ತಾಯಿಯ ಮಕ್ಕಳಂತೆ ಕಾಣಬೇಕೆಂಬುದು ದತ್ತಾತ್ರೇಯನ ಸಿದ್ಧಾಂತ. ಅದರ ಮೇಲೆ ಒಂದು ಇಡೀ ರವಿವಾರ ಬರೆದಿದ್ದ.

ಈ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಮಾಡಿದವರು ರುಚಿ ನೋಡುವಂತಿಲ್ಲವಾದ್ದರಿಂದ, ನೈವೇದ್ಯ ಆದ ಮೇಲೆ ಮೊದಲ ಪಂಕ್ತಿಗೆ ಕೂತ ಗಂಡಸು ಮೊದಲ ತುತ್ತು ಉಂಡು ಹೇಳಬೇಕು. ಉಪ್ಪು ಕಡಿಮೆಯಾದರೆ ಆಗ ಹಾಕಿ ಉಳಿದವರಿಗೆ ಬಡಿಸುವುದು. ಮಾವ ತೀರಿಕೊಂಡ ಮೇಲೆ ಆ ಕೆಲಸ ದತ್ತಾತ್ರೇಯನದು. ಉಪ್ಪಷ್ಟೇ ಆದರೆ ಚಿಂತೆ ಇರಲಿಲ್ಲ, ಅದು ಅವನಿಗೆ ಈಗಲೂ ತಿಳಿಯುತ್ತಿತ್ತು. ಆದರೆ ಗಂಗೂಬಾಯಿಗೆ ಉಪ್ಪಿನ ಮಾತು ಸಾಲದು. ಮಗ ಹೊಟೆಲುಗಳ ಬಗ್ಗೆ ಊರಿಗೆಲ್ಲ ಬರೆಯುವವನು. ತನ್ನ ಅಡಿಗೆಗೆ ನಾಲ್ಕು ಮಾತು ಹೆಚ್ಚು ಹೇಳಬೇಕು. ಅದಕ್ಕೇ ಸುಹಾಸಿನಿ ಪ್ರತಿ ಹಬ್ಬಕ್ಕೂ ಮೊದಲೇ ಹೇಳಿಕೊಡುತ್ತಿದ್ದಳು. ಇವತ್ತೂ ಅವನು ಪಂಚೆ ಉಡುವಾಗ ಬಾಗಿಲಿಗೆ ಬಂದು ಹೇಳಿದಳು.

"ಹುಳಿ ಹೀರೇಕಾಯಿದು, ಮೆಂತ್ಯದ ಒಗ್ಗರಣಿ. ಪಲ್ಯಕ್ಕ ಹಸೀ ಕೊಬ್ಬರಿ. ಶಾವಿಗಿ ಪಾಯಸಾ. ಅದಕ್ಕ ಏಲಕ್ಕಿ ಹಾಕ್ತಾರ. ಏಲಕ್ಕಿ ಬಗ್ಗೆ ಅಂದ್ರ ಅತ್ಯಾಗ ಖುಷಿ ಆಗತದ."

"ಏಲಕ್ಕಿ," ಎಂದು ಅವನು ಪಾಠ ಒಪ್ಪಿಸುವವನಂತೆ ತಲೆಯಾಡಿಸಿದ.

ಮಂಗಳಾರತಿ ಆಯಿತು. ಅಪ್ಪ ಮಗಳು ಎಲೆಯ ಮುಂದೆ ಕೂತರು. ದತ್ತಾತ್ರೇಯ ಎಲೆಯ ಸುತ್ತ ನೀರು ಸುತ್ತಿ, ಚಿತ್ರಾಹುತಿ ಇಟ್ಟು, ಊಟಕ್ಕೆ ಕೈ ಹಚ್ಚಿದ. ಗಂಗೂಬಾಯಿಯೇ ಬಡಿಸಿದರು, ಸುಹಾಸಿನಿ ನೀರಿನ ತಂಬಿಗೆ ಹಿಡಿದು ಹೊಸ್ತಿಲ ಹೊರಗೆ ನಿಂತಳು. ಹುಳಿಗೆ ಮೆಚ್ಚುಗೆ ಬಿತ್ತು. ಪಲ್ಯಕ್ಕೆ ಬಿತ್ತು. ಗೋದಾವರಿ ಮಾತಿಲ್ಲದೆ ಉಣ್ಣುತ್ತಿದ್ದಳು.

"ಯಾಕ ಈ ಹುಡುಗಿ ಇವತ್ತ ಮೌನವ್ರತ ಹಿಡದದ?" ಎಂದು ಗಂಗೂಬಾಯಿ ತಪ್ಪೇಲಿ ಎತ್ತಿಕೊಂಡು ಬಂದರು. "ಬಾಯಿ ಸಿಹಿ ಮಾಡಿದ್ರ ಮಾತು ಹೊರಗ ಬರತಾವ, ತಗೋ."

ತಪ್ಪೇಲಿ ಬಾಗಿತು, ಸೌಟಿನಿಂದ ಪಾಯಸ ಎಲೆಗೆ ಇಳಿಯಿತು, ಹಬೆ ಹೊಸ್ತಿಲ ತನಕ ಬಂತು. ಸುಹಾಸಿನಿಯ ಮೂಗಿಗೆ ಅದು ಹತ್ತಿತು. ಹಾಲು, ತುಪ್ಪ, ಹುರಿದ ಶಾವಿಗೆ, ಇವುಗಳ ಮೇಲೆ ದಟ್ಟವಾಗಿ ಜೀರಿಗೆ. ಹುರಿದು ಕುಟ್ಟಿದ ಜೀರಿಗೆ. ಆವಿಗೆ ಮಂಜಾಗುತ್ತದೆಂದು ಅತ್ತೆ ಕನ್ನಡಕ ತೆಗೆದಿಟ್ಟಿದ್ದು ಆಗ ಆಕೆಯ ಕಣ್ಣಿಗೆ ಬಿತ್ತು.

"ರೀ…" ಎಂದಳು. ಮುಂದಿನ ಮಾತು ಬೇಕಿತ್ತು. ಏನಾದರೂ ಸಾಕಿತ್ತು, ನೀರು ಹಾಕಲೇನ್ರಿ ಅಂದಿದ್ದರೂ ನಡೆಯುತ್ತಿತ್ತು. ಬಾಯಿ ತೆರೆದೇ ಇತ್ತು, ನಾಲಿಗೆ ಏಳಲಿಲ್ಲ.

ದತ್ತಾತ್ರೇಯ ಪಾಯಸವನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟು, ವೈನಿನ ಗ್ಲಾಸು ಹಿಡಿದಾಗಿನಂತೆ ಕಣ್ಣು ಮುಚ್ಚಿದ.

"ಹ್ಯಾಂಗ ಆಗ್ಯದೋ ದತ್ತೂ?" ಸೌಟು ಹಿಡಿದು ಕಾದಿದ್ದರು ಗಂಗೂಬಾಯಿ.

"ಅವ್ವಾ, ಏಲಕ್ಕಿ ಅಂದ್ರ ಇದು ನೋಡು!" ಎಂದ. "ಬೇಗಂಪೇಟಿ ಹೊಟೆಲಿನವರನ್ನ ಕರಕೊಂಡು ಬಂದು ಇಲ್ಲಿ ಕೂಡಸಬೇಕು. ಅವರು ಏಲಕ್ಕಿ ಹಾಕತಾರ, ತಲಿಗೆ ಬಡದಂಗ. ನಿಂದು ನೋಡು, ಮೆಲ್ಲಕ ಬಂದು ಬಾಜೂಕ ಕೂತಂಗ ಅದ."

"ನಡಿಯೋ, ಹೊಗಳಭಟ್ಟ," ಎಂದರು ಗಂಗೂಬಾಯಿ. ಮುಖ ಅರಳಿ ಹೋಗಿತ್ತು. ಇನ್ನೊಂದು ಸೌಟು ಅವನ ಎಲೆಗೆ ಸುರಿದರು.

ಗೋದಾವರಿ ಪಾಯಸವನ್ನು ಬಾಯಿಗೆ ಹಾಕಿಕೊಂಡಿದ್ದಳು. ನುಂಗಲಿಲ್ಲ. ಬಾಯಿ ಗಟ್ಟಿ ಮುಚ್ಚಿಕೊಂಡು ಮೊದಲು ಎಲೆ ನೋಡಿದಳು, ಆಮೇಲೆ ಅಪ್ಪನನ್ನು, ಆಮೇಲೆ ಹೊಸ್ತಿಲಲ್ಲಿದ್ದ ಅಮ್ಮನನ್ನು. ಸುಹಾಸಿನಿ ತಲೆಯನ್ನು ಇಷ್ಟೇ ಇಷ್ಟು ಆಡಿಸಿದಳು. ಬೇಡ ಎಂದು. ಹುಡುಗಿ ಕಷ್ಟಪಟ್ಟು ನುಂಗಿದಳು.

"ಕೂಸಿಗೆ ಸೇರಲಿಲ್ಲೇನು?" ಎಂದರು ಗಂಗೂಬಾಯಿ.

"ಸೇರದ ಏನು? ಹಿಂತಾ ಪಾಯಸಾ ಯಾರಿಗೆ ಸೇರೂದಿಲ್ಲ?" ದತ್ತಾತ್ರೇಯ ಮಗಳ ಕಡೆಗೆ ಬಾಗಿದ. ನಕ್ಕ. "ಹೇಳವಾ, ಏಲಕ್ಕಿ ಹ್ಯಾಂಗ ಬಿದ್ದದ ಅಂತ ನಿಮ್ಮ ಅಜ್ಜಿಗೆ ಹೇಳು. ನೀ ನನ್ನ ಮಗಳು ಹೌದೋ ಅಲ್ಲೋ?"

ಗೋದಾವರಿ ಎಂಜಲು ಕೈಯನ್ನು ಎಲೆಯ ಅಂಚಿಗೆ ಇಟ್ಟಳು. ಸುಹಾಸಿನಿಯ ಕೈಯಲ್ಲಿ ತಂಬಿಗೆಯ ನೀರು ಒಂದೇ ಸಮ ನಿಂತಿತ್ತು. ಈಗ ಬರುತ್ತದೆ ಎಂದು ಆಕೆಗೆ ತಿಳಿದಿತ್ತು. ಬಾರದಿರಲಿ ಎಂದು ಬೇಡಿಕೊಳ್ಳಲು ಹೋದರೆ, ಹಾಗೆ ಬೇಡುವ ಜಾಗವೇ ಒಳಗೆ ಎಲ್ಲೂ ಸಿಗಲಿಲ್ಲ.

ಹುಡುಗಿ ಅಜ್ಜಿಯ ಕಡೆ ನೋಡಲಿಲ್ಲ. ಅಪ್ಪನನ್ನೇ ನೋಡಿ, ಜ್ವರ ಬಂದವರನ್ನು ಕೇಳುವ ಹಾಗೆ, ಮೆತ್ತಗೆ, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದಳು.

"ಅಪ್ಪಾ, ನಿಮಗ ಯಾವಾಗಿಂದ ವಾಸನಿ ಬರವಲ್ದು?"